ಕೂತಲ್ಲೇ ಇಳಿಯುವ ಗಾಳಿ

ಬೆಂಗಳೂರಿನಿಂದ ಬೈಕಿನಲ್ಲಿ ಬರುವವರಿಗೆ ಹೈದರಾಬಾದ್ ಶುರುವಾಗುವುದೇ ಶಂಶಾಬಾದಿನಲ್ಲಿ. ಬಾಗೇಪಲ್ಲಿ, ಪೆನುಕೊಂಡ, ಅನಂತಪುರ, ಗುತ್ತಿ, ಕರ್ನೂಲು, ಜಡ್ಚರ್ಲ ಎಲ್ಲ ಹಿಂದೆ ಬಿದ್ದು, 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 550 ಕಿಲೋಮೀಟರು ಸವೆಸಿ, ತಲೆಯ ಮೇಲೆ ವಿಮಾನಗಳು ತಗ್ಗಿನಲ್ಲಿ ಹಾರುವುದು ಕಂಡಾಗ ಸಾಕಪ್ಪಾ ಅನ್ನಿಸುತ್ತದೆ. ಇಲ್ಲಿನ ಚಹಾದಂಗಡಿಗಳ ಮುಂದೆ ಬೈಕು ನಿಲ್ಲಿಸುವವರನ್ನು ಗಮನಿಸಿ. ಕಾಲೆತ್ತಿ ಇಳಿದು, ಸೊಂಟ ಹಿಡಿದು ನೆಟ್ಟಗಾಗಿ, ಸೀಟಿನ ಮೇಲೆ ಕಟ್ಟಿರುವ ಗಾಳಿದಿಂಬನ್ನು ಹೆಬ್ಬೆರಳಿನಿಂದ ಒಮ್ಮೆ ಅದುಮಿ ನೋಡುತ್ತಾರೆ. ಬೆಳಿಗ್ಗೆ ಹೆಬ್ಬಾಳದಲ್ಲಿ ತುಂಬಿದ ಗಾಳಿ ಸಂಜೆಗೆ ಎಷ್ಟು ಉಳಿದಿದೆ? ಅನೇಕರ ಹೆಬ್ಬೆರಳು ಸೀಟಿನ ರೆಕ್ಸಿನ್ನಿಗೇ ಹೋಗಿ ತಾಗುತ್ತದೆ.

ಈ ಊರಿನಲ್ಲಿ ಕೆಲಸದ ಮೇಲೆ ನೆಲೆಸಿರುವ ನಾನು ವರ್ಷಕ್ಕೆ ಮೂರು ನಾಲ್ಕು ಸಲ ಅದೇ ದಾರಿಯಲ್ಲಿ ಹೋಗಿ ಬರುತ್ತೇನೆ. ಏರ್ ಕುಶನ್ ಬಳಸುವ ಗೆಳೆಯರೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಮನೆಯ ಅಟ್ಟದಲ್ಲಿ ಒಂದಾದರೂ ಸೋರುವ ಕುಶನ್ ಮಡಚಿ ಬಿದ್ದಿದೆ. ಅದು ಹರಿದಿಲ್ಲ, ಹೊಲಿಗೆ ಬಿಟ್ಟಿಲ್ಲ, ನೋಡಲು ಹೊಸದರಂತೆಯೇ ಇದೆ. ಗಾಳಿ ಮಾತ್ರ ನಿಲ್ಲುವುದಿಲ್ಲ. ‘ಸರಿ ಮಾಡಿಸಲಿಲ್ಲವೇ’ ಎಂದರೆ ‘ಯಾರ ಹತ್ತಿರ?’ ಎಂಬ ಮರುಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ನಮ್ಮ ಪೇಟೆಯಲ್ಲಿ ಉತ್ತರವಿಲ್ಲ. ಇರಬೇಕಾಗಿತ್ತು ಎಂಬುದು ನನ್ನ ವಾದ. ಇದನ್ನು ಬೈಕ್ ಶೋಕಿಯವರ ತಾಪತ್ರಯ ಎಂದು ತಳ್ಳಿಹಾಕಬೇಡಿ, ಇದೇ ದಿಂಬು ಎದ್ದೇಳಲಾಗದವರ ಕೆಳಗೂ ಇರುತ್ತದೆ.

ವಸ್ತುವಿನ ಹುಟ್ಟೇ ಅಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದ ಬೆಲ್ವಿಲ್ ಊರಿನ ರಾಬರ್ಟ್ ಗ್ರೇಬ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಗಾಲಿಕುರ್ಚಿಯ ಮೇಲೆ ದಿನವಿಡೀ ಕೂರುವವರಿಗಾಗಿ ಒಂದು ದಿಂಬು ರೂಪಿಸಿದ. ನಿಯೊಪ್ರೀನ್ ರಬ್ಬರಿನ ಸಾಲು ಸಾಲು ಗಾಳಿಗುಬ್ಬಿಗಳು, ಒಳಗೆ ಒಂದಕ್ಕೊಂದು ಸಂಪರ್ಕ. ಒಂದು ಗುಬ್ಬಿ ಒತ್ತಿದರೆ ಅದರ ಗಾಳಿ ಪಕ್ಕದ್ದಕ್ಕೆ ಸರಿಯುತ್ತದೆ, ಹೀಗಾಗಿ ಭಾರ ಒಂದೇ ಮೂಳೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ರೋಹೊ ಎಂಬ ಹೆಸರಿನಲ್ಲಿ ಅದು ಆಸ್ಪತ್ರೆಗಳಿಗೆ ಹೋಯಿತು. ಅದೇ ಕಂಪನಿ ಮುಂದೆ ಏರ್‌ಹಾಕ್ ಎಂಬ ಹೆಸರಿನಲ್ಲಿ ಮೋಟಾರ್‌ಸೈಕಲ್ಲಿನ ಸೀಟಿಗೂ ಅದನ್ನು ತಂದಿತು. ಈಗ ನಮ್ಮಲ್ಲಿ ಅದರ ಅನುಕರಣೆಗಳು ಬೇಕಾದಷ್ಟು. ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೆ ಬೆಲೆ. ಲಡಾಖಿಗೆ ಹೋಗುವವರು ಕೊಳ್ಳುತ್ತಾರೆ. ವಿಮಾನ ನಿಲ್ದಾಣದ ಸುತ್ತ ಪಾರ್ಸೆಲ್ ಹೊತ್ತು ದಿನಕ್ಕೆ ಹತ್ತು ಹನ್ನೆರಡು ತಾಸು ಸೀಟಿನ ಮೇಲೇ ಕಳೆಯುವ ಹುಡುಗರೂ ಕೊಳ್ಳುತ್ತಾರೆ. ಮೊದಲನೆಯವರಿಗೆ ಅದು ಪ್ರವಾಸದ ಸಾಮಾನು, ಎರಡನೆಯವರಿಗೆ ನಾಳೆ ಮತ್ತೆ ಕೆಲಸಕ್ಕೆ ಹೋಗಬಹುದೋ ಇಲ್ಲವೋ ಎಂಬ ವಿಷಯ.

ರಿಪೇರಿಯ ಮಾತಿಗೆ ಬರುವ ಮೊದಲು ಒಂದು ತನಿಖೆ ಆಗಬೇಕು. ನಿಮ್ಮ ಕುಶನ್ ನಿಜವಾಗಿ ಸೋರುತ್ತಿದೆಯೇ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಶಂಶಾಬಾದ್ ಸುಮಾರು 600. ಕೆಳಗಿಳಿದಷ್ಟೂ ಹೊರಗಿನ ಗಾಳಿಯ ಒತ್ತಡ ಹೆಚ್ಚುತ್ತದೆ, ದಿಂಬಿನೊಳಗಿನ ಗಾಳಿ ಕುಗ್ಗುತ್ತದೆ. ಈ 300 ಮೀಟರ್ ಇಳಿಜಾರಿಗೆ ಸುಮಾರು ಶೇ. 4ರಷ್ಟು. ಇದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಲೆಕ್ಕ, ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿ ಮರೆತದ್ದು. ಅದರ ಮೇಲೆ ಬಿಸಿಲು. ಮಧ್ಯಾಹ್ನ 45 ಡಿಗ್ರಿಯಲ್ಲಿ ಉಬ್ಬಿದ್ದ ಗಾಳಿ ರಾತ್ರಿ 25 ಡಿಗ್ರಿಗೆ ಇಳಿದರೆ ಇನ್ನೊಂದು ಶೇ. 6 ಕುಗ್ಗುತ್ತದೆ. ದಿಂಬಿನಲ್ಲಿರುವುದೇ ಮೂರು ಲೀಟರ್ ಗಾಳಿ ಎಂದಿಟ್ಟುಕೊಂಡರೆ, ಎಲ್ಲೂ ತೂತಿಲ್ಲದೆ ಎರಡು ಟೀ ಲೋಟದಷ್ಟು ಗಾಳಿ ಮಾಯವಾದಂತೆ ಕಾಣುತ್ತದೆ. ಲಡಾಖಿನ ದಾರಿಯಲ್ಲಿ ಇದು ತಿರುಗುಮುರುಗು. ಹೈದರಾಬಾದಿನಲ್ಲಿ ತುಂಬಿದ ಗಾಳಿ ಖಾರ್ದುಂಗ್ ಲಾ ತಲುಪುವಾಗ ಒಂದೂವರೆ ಪಟ್ಟಿಗೂ ಹೆಚ್ಚು ಹಿಗ್ಗಲು ಹವಣಿಸುತ್ತದೆ. ದಾರಿಯಲ್ಲಿ ಆಗಾಗ ಗಾಳಿ ಬಿಡದಿದ್ದರೆ ಬೆಸುಗೆ ಬಿಟ್ಟುಕೊಳ್ಳುವುದು ಆಗಲೇ. ಅಲ್ಲಿ ಶುರುವಾದ ಸೋರಿಕೆ ಊರಿಗೆ ಬಂದ ಮೇಲೆ ಗೊತ್ತಾಗುತ್ತದೆ.

ಆದ್ದರಿಂದ ಒಂದೇ ಜಾಗದಲ್ಲಿ, ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ. ಸಂಜೆ ಏಳಕ್ಕೆ ತುಂಬಿ, ಮರುದಿನ ಸಂಜೆ ಏಳಕ್ಕೆ ನೋಡಿ. ಆಗಲೂ ಕುಗ್ಗಿದ್ದರೆ ಸೋರುತ್ತಿದೆ ಎಂದೇ ಅರ್ಥ.

ಎಷ್ಟು ಗಾಳಿ ಇರಬೇಕು ಎಂಬುದರಲ್ಲೂ ಜನ ಎಡವುತ್ತಾರೆ. ಗಟ್ಟಿಯಾಗಿ ಊದಿದರೆ ಚೆಂಡಿನ ಮೇಲೆ ಕೂತಂತೆ, ತಿರುವಿನಲ್ಲಿ ದೇಹ ಜಾರುತ್ತದೆ. ಸರಿಯಾದ ಕ್ರಮವೆಂದರೆ ತುಂಬಿ, ಮೇಲೆ ಕೂತು, ಕೂತಿರುವಾಗಲೇ ಗಾಳಿ ಬಿಡುತ್ತಾ ಹೋಗಿ, ಮೂಳೆಗೂ ಸೀಟಿಗೂ ನಡುವೆ ಬೆರಳಿನಷ್ಟು ಅಂತರ ಉಳಿದಾಗ ನಿಲ್ಲಿಸುವುದು. ಇಷ್ಟು ಕಡಿಮೆ ಗಾಳಿಯಲ್ಲಿ ಕೆಲಸ ಮಾಡುವ ವಸ್ತುವಾದ್ದರಿಂದಲೇ ಸಣ್ಣ ಸೋರಿಕೆಯೂ ಅದನ್ನು ಕೆಡಿಸುತ್ತದೆ. ಬೈಕಿನ ಟಯರಿನಲ್ಲಿ ಮೂವತ್ತರ ಆಸುಪಾಸು ಪಿಎಸ್‌ಐ ಒತ್ತಡ, ಕೂತವರ ಭಾರಕ್ಕೆ ದಿಂಬಿನಲ್ಲಿ ಏಳುವುದು ಹೆಚ್ಚೆಂದರೆ ಒಂದು. ಟಯರು ಎರಡು ಪಿಎಸ್‌ಐ ಕಳೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ದಿಂಬಿಗೆ ಕಳೆದುಕೊಳ್ಳಲು ಅಷ್ಟು ಇರುವುದೇ ಇಲ್ಲ.

ತೂತು ಹುಡುಕುವುದಕ್ಕೆ ತಾಳ್ಮೆ ಬೇಕು, ಸಲಕರಣೆ ಬೇಡ. ಮೊದಲ ಅನುಮಾನ ವಾಲ್ವಿನ ಮೇಲೆ. ಪಂಚರ್ ಅಂಗಡಿಯವರು ಕೆಲಸವೆಲ್ಲ ಮುಗಿದ ಮೇಲೆ ಬೆರಳಿಗೆ ಉಗುಳು ಹಚ್ಚಿ ವಾಲ್ವಿನ ಬಾಯಿಗೆ ಒತ್ತಿ ನೋಡುತ್ತಾರಲ್ಲ, ಅದಕ್ಕೆ ಸಮನಾದ ಪರೀಕ್ಷೆ ಇನ್ನೊಂದಿಲ್ಲ. ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ವಾಲ್ವಾದರೆ ಒಳಗಿನ ಸಣ್ಣ ರಬ್ಬರ್ ಬಳೆಯಲ್ಲಿ ಹೆದ್ದಾರಿಯ ದೂಳು ಸಿಕ್ಕಿಕೊಂಡಿರುತ್ತದೆ. ಬಿಚ್ಚಿ, ತೊಳೆದು, ಒಂದು ತೊಟ್ಟು ಸಿಲಿಕೋನ್ ಗ್ರೀಸ್ ಸವರಿದರೆ ಸಾಕಾಗುವುದುಂಟು. ಪೆಟ್ರೋಲಿನಿಂದಾದ ಗ್ರೀಸು ಬೇಡ, ರಬ್ಬರನ್ನು ಅದು ಉಬ್ಬಿಸುತ್ತದೆ. ವಾಲ್ವಿನಲ್ಲಿ ದೋಷವಿಲ್ಲವೆಂದಾದರೆ ಹೊದಿಕೆ ಕಳಚಿ, ಒಂದು ಸ್ಯಾಷೆ ಶಾಂಪೂ ನೀರಿಗೆ ಕಲಸಿ ಸ್ಪಂಜಿನಿಂದ ಎಲ್ಲೆಡೆ ಸವರಿ, ಬೆಸುಗೆಯ ಅಂಚುಗಳನ್ನು ಹತ್ತಿರದಿಂದ ನೋಡಬೇಕು. ಸುಮ್ಮನೆ ಇಟ್ಟ ದಿಂಬಿನಲ್ಲಿ ಗುಳ್ಳೆ ಏಳದಿರಬಹುದು. ಒಳಗೆ ಒತ್ತಡವೇ ಇಲ್ಲವಲ್ಲ! ಮನೆಯವರೊಬ್ಬರನ್ನು ಮೇಲೆ ಕೂರಿಸಿ, ಇಲ್ಲವೆ ಬಕೆಟ್ ತುಂಬ ನೀರು ಇಟ್ಟು ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಒಂದೇ ಕಡೆ ಕೂಡಿಕೊಳ್ಳುವುದು ಕಂಡರೆ ಅಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಗುರುತು ಹಾಕಿದ ಮೇಲೂ ಹುಡುಕಾಟ ನಿಲ್ಲಿಸಬೇಡಿ. ಒಂದು ತೂತಿದ್ದಲ್ಲಿ ಎರಡನೆಯದೂ ಇರುತ್ತದೆ, ಮುಳ್ಳು ತಾಕಿದ್ದರಂತೂ ಇದ್ದೇ ಇರುತ್ತದೆ.

ಬೇಗ ಆಗಲೆಂದು ಕಂಪ್ರೆಸರ್‌ಗೆ ಒಡ್ಡುವವರಿದ್ದಾರೆ. ಲಾರಿಯ ಚಕ್ರ ತುಂಬಲು ನೂರಕ್ಕೂ ಹೆಚ್ಚು ಪಿಎಸ್‌ಐ ಹಿಡಿದಿಟ್ಟುಕೊಂಡ ಯಂತ್ರ ಅದು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಸುಗೆ ಬಿಚ್ಚಿ ದಿಂಬು ಎರಡು ಹಾಳೆಯಾಗುತ್ತದೆ.

ಇಷ್ಟರವರೆಗೆ ಎಲ್ಲರಿಂದಲೂ ಸಾಧ್ಯ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ, ಮತ್ತು ನನ್ನ ಸಿಟ್ಟೂ ಇಲ್ಲಿಂದಲೇ.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಿದೆ. ಟಯರಿಗೆ ಮೊಳೆ ಚುಚ್ಚಿದರೆ ‘ಪಂಚರ್ ಆಯ್ತು’ ಅನ್ನುತ್ತೇವೆ, ಅದನ್ನು ಸರಿಪಡಿಸಿದರೆ ‘ಪಂಚರ್ ಹಾಕಿಸಿದೆ’ ಅನ್ನುತ್ತೇವೆ. ರೋಗಕ್ಕೂ ಮದ್ದಿಗೂ ಒಂದೇ ಪದ. ಕೆಟ್ಟದ್ದು ಸರಿಯಾಗಿಯೇ ಆಗುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿದ್ದರೆ ಭಾಷೆ ಹೀಗೆ ಮಾತಾಡೀತು! ಆ ನಂಬಿಕೆಯನ್ನು ಕಟ್ಟಿದವರು ರಸ್ತೆ ಬದಿಯ ಪಂಚರ್ ಅಂಗಡಿಯವರು. ಕರ್ನಾಟಕದ ಊರೂರುಗಳಲ್ಲಿರುವಂತೆ ಹೈದರಾಬಾದಿನಲ್ಲೂ ಅವರಲ್ಲಿ ಬಹಳ ಮಂದಿ ಕೇರಳದವರು. ಶಂಶಾಬಾದಿನ ಹಳೆಯ ರಸ್ತೆಯ ಪಕ್ಕದ ಒಬ್ಬ ಅಂಗಡಿಯವರು ಮನೆಯಲ್ಲಿ ಮಲಯಾಳ, ಗಿರಾಕಿಯೊಡನೆ ತೆಲುಗು, ಬೇಸರವಾದಾಗ ದಖ್ಖನಿ ಆಡುತ್ತಾರೆ. ಗೆಳೆಯನೊಬ್ಬನ ಏರ್ ಕುಶನ್ ತೋರಿಸಿದಾಗ ಅವರು ದಖ್ಖನಿಯಲ್ಲೇ ‘ಯೇ ಕಾಮ್ ನಕ್ಕೋ ಭಾಯ್, ಟ್ಯೂಬ್ ಲಾವ್’ ಎಂದರು. ಈ ಕೆಲಸ ಬೇಡಣ್ಣ, ಟ್ಯೂಬ್ ತಾ.

ಅವರು ಹೇಳಿದ್ದು ಸರಿಯಾಗಿಯೇ ಇದೆ. ಅವರ ಡಬ್ಬಿಯಲ್ಲಿರುವ ಸೊಲ್ಯೂಷನ್ ಎಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರು. ಅರದಿಂದ ಉಜ್ಜಿದ ರಬ್ಬರಿನ ಮೇಲೆ ಅದು ಹಿಡಿದಷ್ಟು ಬಿಗಿಯಾಗಿ ಬೇರೇನೂ ಹಿಡಿಯಲಾರದು. ಹಳೆಯ ಮಾದರಿಯ ನಿಯೊಪ್ರೀನ್ ದಿಂಬಾಗಿದ್ದರೆ ಅವರ ಕೈಯಲ್ಲಿ ಹತ್ತು ನಿಮಿಷದ ಕೆಲಸ. ಆದರೆ ಈಗಿನ ಬಹುಪಾಲು ಕುಶನ್‌ಗಳು ಪಿವಿಸಿ ಇಲ್ಲವೆ ಟಿಪಿಯು ಎಂಬ ಪ್ಲಾಸ್ಟಿಕ್ಕಿನವು. ಇವುಗಳ ಮೇಲೆ ಹಾಕಿದ ರಬ್ಬರ್ ತೇಪೆ ಎರಡು ದಿನದಲ್ಲಿ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಪಿವಿಸಿಗೆ ಪಿವಿಸಿಯದೇ ಅಂಟು ಬೇಕು, ಟಿಪಿಯುಗೆ ಪಾಲಿಯುರಿಥೇನ್ ಅಂಟು. ಹೊಸ ರೇನ್‌ಕೋಟಿನ ಘಾಟು ಇದ್ದರೆ ಬಹುಶಃ ಪಿವಿಸಿ. ವಾಸನೆಯಿಲ್ಲದೆ, ಎಳೆದರೆ ರಬ್ಬರಿನಂತೆ ಹಿಗ್ಗಿ, ಬೆಳಕಿಗೆ ಹಿಡಿದರೆ ಮಸುಕಾಗಿ ಆಚೆ ಕಾಣುವಂತಿದ್ದರೆ ಬಹುಶಃ ಟಿಪಿಯು. ಎರಡು ಕಡೆ ‘ಬಹುಶಃ’ ಎಂದು ಬರೆಯಬೇಕಾಯಿತು, ಏಕೆಂದರೆ ದಿಂಬಿನ ಮೇಲೆ ಅದು ಯಾವುದರಿಂದ ಮಾಡಿದ್ದು ಎಂದು ಎಲ್ಲೂ ಬರೆದಿರುವುದಿಲ್ಲ. ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ ಎಂಬ ಚಿತ್ರಗಳಿಗೆ ಜಾಗವಿದೆ, ಮೂರಕ್ಷರದ ಹೆಸರಿಗಿಲ್ಲ.

ಫೆವಿಕ್ವಿಕ್ ಹಾಕುವವರಿಗೆ ಒಂದು ಮಾತು. ಅದು ಒಣಗಿದರೆ ಗಾಜಿನಂತೆ ಗಡುಸು, ಗಾಜಿನಂತೆಯೇ ಬಿರಿಯುತ್ತದೆ. ಪ್ರತಿ ಹಳ್ಳಕ್ಕೂ ಬಳುಕುವ ವಸ್ತುವಿಗೆ ಗಡಸುತನ ಶತ್ರು. ಎಂ-ಸೀಲ್‌ದೂ ಅದೇ ಹಣೆಬರಹ. ಒಳಗಿನ ಒತ್ತಡ ಟಯರಿನ ಮೂವತ್ತನೇ ಒಂದು ಪಾಲು ಮಾತ್ರ, ಹಾಗಾಗಿ ತೇಪೆಗೆ ಬಲ ಹೆಚ್ಚು ಬೇಕಿಲ್ಲ, ಬಳುಕು ಬೇಕು.

ಪಾಲಿಯುರಿಥೇನ್ ಅಂಟು ಎಲ್ಲಿ ಸಿಗುತ್ತದೆ? ಶೂ ತಯಾರಿಸುವವರ ಹತ್ತಿರ. ಸೋಲ್ ಕೂರಿಸಲು ಅವರು ಬಳಸುವುದು ಅದನ್ನೇ, ‘ಪಿಯು’ ಎಂದರೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಚಪ್ಪಲಿ ಸಾಮಾನು ಮಾರುವ ಸಗಟು ಅಂಗಡಿಗೆ ಹೋಗಬೇಕು, ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ತೇಪೆಗೆ ಅದೇ ಜಾತಿಯ ಹಾಳೆ ಬೇಕು. ನನ್ನ ಸಲಹೆ ಕೇಳುವುದಾದರೆ, ಅಟ್ಟದ ಮೇಲಿನ ಇನ್ನೊಂದು ಸತ್ತ ಕುಶನ್‌ನಿಂದಲೇ ಕತ್ತರಿಸಿಕೊಳ್ಳಿ. ತೂತಿನ ಸುತ್ತ ಎರಡು ಬೆರಳಗಲ ಉಳಿಯುವಷ್ಟು, ಮೂಲೆಗಳಿಲ್ಲದಂತೆ ದುಂಡಗೆ. ಮೂಲೆ ಇದ್ದರೆ ಎದ್ದುಬರುವುದು ಅಲ್ಲಿಂದಲೇ. ದಿಂಬನ್ನು ಪೂರ್ತಿ ಇಳಿಸಿ, ಸ್ಪಿರಿಟ್‌ನಿಂದ ಒರೆಸಿ, ಎರಡೂ ಕಡೆ ತೆಳ್ಳಗೆ ಅಂಟು ಸವರಿ, ಕೈಗೆ ಹತ್ತುವುದು ನಿಂತ ಮೇಲೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಒತ್ತಬೇಕು. ಲಟ್ಟಣಿಗೆಯಿಂದ ಉರುಳಿಸಿದರೆ ಗಾಳಿಗುಳ್ಳೆ ಉಳಿಯುವುದಿಲ್ಲ. ವಾಲ್ವಿನ ಬುಡದಲ್ಲಿ ಸೋರಿದರೆ ಉದ್ದಿನ ವಡೆಯಂತೆ ನಡುವೆ ತೂತಿರುವ ತೇಪೆ ಕತ್ತರಿಸಿ ಕೊರಳಿಗೆ ಹಾರದಂತೆ ಇಳಿಸಬೇಕು. ಬೆಸುಗೆಯ ಗೆರೆಯಲ್ಲೇ ಬಿಟ್ಟಿದ್ದರೆ ಕಷ್ಟ. ಅಂಚನ್ನು ಪುಸ್ತಕದ ಬೆನ್ನಿನಂತೆ ಎರಡೂ ಬದಿಯಿಂದ ಹೊದಿಸಬೇಕು, ಹೊದಿಸಿದರೂ ನಿಲ್ಲುವ ಖಾತರಿಯಿಲ್ಲ. ಒಂದು ದಿನ ಪೂರ್ತಿ ಮುಟ್ಟಬಾರದು. ಈ ಕಡೆಯ ನಿಯಮವನ್ನು ಪಾಲಿಸುವುದೇ ಎಲ್ಲಕ್ಕಿಂತ ಕಠಿಣ.

ಇಷ್ಟೆಲ್ಲ ಗೋಳು ಯಾಕೆ, ಹೊಸದು ಕೊಂಡರಾಯಿತಲ್ಲ ಎನ್ನುವವರಿಗೆ ನನ್ನ ಉತ್ತರ ಟಯರಿನ ಇತಿಹಾಸದಲ್ಲಿದೆ. ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ, ಯಾರೂ ತಿರುಗಿ ನೋಡಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಗಾಲಿ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. 1890ರ ದಶಕದಲ್ಲಿ ಶ್ರೇಡರ್ ವಾಲ್ವು ಬಂತು. ಇಂದು ನಿಮ್ಮ ಬೈಕು, ಕಾರು ಎಲ್ಲದರ ಚಕ್ರದಲ್ಲಿರುವುದು ಬಹುತೇಕ ಅದೇ. ಒಳಗಿನ ಕಡ್ಡಿಯನ್ನು ಯಾವ ಊರಿನಲ್ಲಾದರೂ ತಿರುಚಿ ತೆಗೆದು ಹೊಸದು ಹಾಕಬಹುದು. ಗುತ್ತಿಯ ಹುಡುಗನಿಗೆ ನಿಮ್ಮ ಬೈಕ್ ಯಾವ ಕಂಪನಿಯದು ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ವಾಲ್ವು ಒಂದೇ, ರಬ್ಬರು ಒಂದೇ ಆದದ್ದರಿಂದ ಒಂದು ಅರ, ಒಂದು ಡಬ್ಬಿ, ಒಂದು ನೀರಿನ ತೊಟ್ಟಿ ಇಟ್ಟುಕೊಂಡವರು ಹೆದ್ದಾರಿಯುದ್ದಕ್ಕೂ ಸಂಸಾರ ನಡೆಸಿದರು. ಕುಶನ್ ತಯಾರಕರು ಆ ದಾರಿ ಬಿಟ್ಟು ಪ್ರತಿಯೊಬ್ಬರೂ ತಮ್ಮದೇ ಅಳತೆಯ ಪ್ಲಾಸ್ಟಿಕ್ ಬಿರಡೆಯನ್ನು ಮೈಗೇ ಬೆಸೆದು ಮಾರುತ್ತಾರೆ. ಬಿರಡೆ ಸವೆದರೆ ದಿಂಬೇ ಸತ್ತಂತೆ. ಟಯರ್ ವಾಲ್ವನ್ನೇ ಹಾಕಿ ಎಂದರೆ ಜನ ಕಂಪ್ರೆಸರ್‌ಗೆ ಒಡ್ಡಿ ಸಿಡಿಸಿಕೊಳ್ಳುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಹಾಗಾದರೆ ತಿರುಚಿ ತೆಗೆಯಬಹುದಾದ ಬೇರೆ ವಾಲ್ವನ್ನೇ ಹಾಕಲಿ, ಆದರೆ ಎಲ್ಲರೂ ಒಂದೇ ಅಳತೆಯದನ್ನು ಹಾಕಲಿ, ಬಿಡಿಯಾಗಿಯೂ ಮಾರಲಿ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಸಾಮಾನು, ವಾಹನ ಎಂಬ ನಾಲ್ಕು ವಲಯ ಆರಿಸಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಸಾಮಾನುಗಳ ಮೇಲೆ, ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಹಾಕಿ ತೋರಿಸಬೇಕೆಂಬ ನಿಯಮವಿದೆ. ಒಳ್ಳೆಯದೇ. ಆದರೆ ಫೋನು, ಫ್ರಿಜ್ಜುಗಳ ಸುತ್ತಲೇ ಚರ್ಚೆ ಸುತ್ತುತ್ತಿದೆ. ಫೋನು ರಿಪೇರಿಗೆ ನಮ್ಮಲ್ಲಿ ಗಲ್ಲಿಗೊಂದು ಅಂಗಡಿ ತಾನಾಗಿಯೇ ಹುಟ್ಟಿಕೊಂಡಿದೆ. ವಿದ್ಯುತ್ತಿಲ್ಲದ, ಚಿಪ್ಪಿಲ್ಲದ, ಬರೀ ಗಾಳಿ ಹಿಡಿದಿಡಬೇಕಾದ ವಸ್ತುಗಳ ಕಡೆ ಯಾರ ಗಮನವೂ ಇಲ್ಲ.

ಅಂಥವು ಎಷ್ಟಿವೆ ಎಂದು ಗೊತ್ತಾಗಬೇಕಾದರೆ ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಹೋಗಬೇಕು. ಮಂಚದ ಮೇಲೆ ಏರ್ ಬೆಡ್, ಪಕ್ಕದಲ್ಲಿ ಗುಂಯ್‌ಗುಡುವ ಪುಟ್ಟ ಪಂಪು. ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಹತ್ತಿರ ಒತ್ತಡ ಒಂದೇ ಕಡೆ ನಿಂತರೆ ಅಲ್ಲಿ ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ, ಹಾಸಿಗೆ ಹುಣ್ಣಾಗುತ್ತದೆ. ಅದು ಮೂಳೆಯವರೆಗೂ ಇಳಿಯಬಲ್ಲದು, ನಂಜೇರಿ ಪ್ರಾಣವನ್ನೇ ತೆಗೆಯಬಲ್ಲದು. ಬೈಕಿನವನಿಗೆ ಗಾಳಿ ಇಳಿದರೆ ಪೃಷ್ಠ ನೋಯುತ್ತದೆ, ನಿಲ್ಲಿಸಿ ಇಳಿಯುತ್ತಾನೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವರಿಗೆ ಆ ನೋವೇ ಬರುವುದಿಲ್ಲ. ದಿಂಬು ತಳ ಮುಟ್ಟಿದ್ದು ಅವರಿಗೆ ತಿಳಿಯುವುದು ಹುಣ್ಣಾದ ಮೇಲೆ. ಅಂಥವರನ್ನು ನೋಡಿಕೊಳ್ಳುವವರಿಗೆ ಕಲಿಸುವ ಪರೀಕ್ಷೆ ಸರಳವಾಗಿದೆ. ಕೂತವರ ಕೆಳಗೆ ಅಂಗೈ ತೂರಿಸಿ, ಅತ್ಯಂತ ಕೆಳಗಿರುವ ಮೂಳೆಗೂ ದಿಂಬಿನ ತಳಕ್ಕೂ ನಡುವೆ ಅರ್ಧದಿಂದ ಒಂದು ಇಂಚು ಅಂತರವಿದೆಯೇ ಎಂದು ಬೆರಳಿನಿಂದ ನೋಡುವುದು. ದಿನವೂ ನೋಡುವುದು. ಮೇಲೆ ಹೇಳಿದ ನನ್ನ ತೇಪೆಯ ವಿದ್ಯೆ ಅಲ್ಲಿ ಹೊಸ ದಿಂಬು ಬರುವವರೆಗಿನ ತಾತ್ಕಾಲಿಕ ಏರ್ಪಾಡು ಮಾತ್ರ. ತೇಪೆ ಹಾಕಿದ ದಿಂಬನ್ನು ದಿನಕ್ಕೊಮ್ಮೆಯಲ್ಲ, ಹೊತ್ತುಹೊತ್ತಿಗೆ ಮುಟ್ಟಿ ನೋಡಬೇಕು.

ಹೊಸದು ಬರುವವರೆಗೆ ಎಂದು ಬರೆದೆ. ಸಣ್ಣ ಊರಿನಲ್ಲಿ ಅದು ಯಾವಾಗ ಬರುತ್ತದೆ? ಬಾಡಿಗೆಗೆ ತಂದ ಏರ್ ಬೆಡ್ ಶನಿವಾರ ರಾತ್ರಿ ಸೋರಲು ಶುರುವಾದರೆ ಮನೆಯವರ ಮುಂದಿರುವುದು ಎರಡು ತಾಸಿಗೊಮ್ಮೆ ಎದ್ದು ಮಗ್ಗುಲು ಬದಲಾಯಿಸುವ ದಾರಿ. ಮನೆಯ ಹೆಂಗಸರೇ ಸಾಮಾನ್ಯವಾಗಿ ಅದನ್ನು ಮಾಡುತ್ತಾರೆ, ಯಾವ ಲೆಕ್ಕಕ್ಕೂ ಸೇರದ ಕೆಲಸವದು. ಡಬ್ಬಿಯೊಳಗೆ ಅಂಗೈಯಗಲದ ಅದೇ ಹಾಳೆ, ಅದಕ್ಕೆ ಹೊಂದುವ ಪುಟ್ಟ ಟ್ಯೂಬ್ ಅಂಟು, ಒಂದು ಹೆಚ್ಚುವರಿ ವಾಲ್ವು ಇಟ್ಟುಕೊಟ್ಟರೆ ತಯಾರಕರ ಗಂಟೇನೂ ಹೋಗುವುದಿಲ್ಲ. ಬೈಕಿನ ಕುಶನ್ನಿಗೆ ಇದನ್ನು ಕಡ್ಡಾಯ ಮಾಡಿದರೆ ಆಸ್ಪತ್ರೆಯ ದಿಂಬಿಗೂ ಮಾಡದೆ ನಿರ್ವಾಹವಿರುವುದಿಲ್ಲ. ಒಂದೇ ಪ್ಲಾಸ್ಟಿಕ್ಕು, ಒಂದೇ ಬೆಸುಗೆ. ಮೇಲೆ ಕೂರುವವರಷ್ಟೇ ಬೇರೆ.

ಸಿಕಂದರಾಬಾದಿನ ರಾಣಿಗಂಜಿನಲ್ಲಿ ರಬ್ಬರು, ವಾಷರು, ಹೋಸು, ಅಂಟು ಮಾರುವ ಅಂಗಡಿಗಳ ನಡುವೆ ಅರ್ಧ ದಿನ ಓಡಾಡಿದರೆ ನಮ್ಮ ದೇಶದಲ್ಲಿ ಇದಕ್ಕೆ ಬೇಕಾದ ಸಾಮಾನಿಗೂ ಕೈಗೂ ಬರವಿಲ್ಲ ಎಂದು ತಿಳಿಯುತ್ತದೆ. ಅಲ್ಲಿಯೂ ಮೊದಲು ಕೇಳುವ ಪ್ರಶ್ನೆ ಒಂದೇ, ‘ಮೆಟೀರಿಯಲ್ ಯಾವುದು?’ ಉತ್ತರ ಗೊತ್ತಿದ್ದವರಿಗೆ ಎರಡು ನಿಮಿಷದಲ್ಲಿ ಅಂಟು ಸಿಗುತ್ತದೆ, ಗೊತ್ತಿಲ್ಲದವರು ಮುಂದಿನ ಅಂಗಡಿಗೆ ನಡೆಯುತ್ತಾರೆ. ಕಂಪನಿಗಳು ಬರೆಯುವವರೆಗೆ ನಾವೇ ಬರೆದುಕೊಳ್ಳೋಣ. ನೀವು ಇನ್ನೂ ಕೊಳ್ಳದಿದ್ದರೆ ಕೊಳ್ಳುವ ಮೊದಲೇ ಮಾರುವವರಿಗೆ ಬರೆದು ಕೇಳಿ, ಉತ್ತರ ಕೊಡದವರಿಂದ ಕೊಳ್ಳಬೇಡಿ. ಈಗಾಗಲೇ ಇದ್ದರೆ ಹೊದಿಕೆ ಬಿಚ್ಚಿ ತಳಭಾಗದಲ್ಲಿ ಮಾರ್ಕರ್‌ನಿಂದ ಯಾವ ಪ್ಲಾಸ್ಟಿಕ್ಕು, ಯಾವ ತಿಂಗಳು ಕೊಂಡದ್ದು, ಯಾವ ಅಂಟು ಹಿಡಿಯಿತು ಎಂದು ದೊಡ್ಡದಾಗಿ ಬರೆದಿಡಿ. ತೇಪೆ ಹಾಕಿದ ಮರುದಿನ ಸಂಜೆ ಗಾಳಿ ತುಂಬಿ, ಮೇಲೊಂದು ಹಲಗೆಯಿಟ್ಟು, ಅದರ ಮೇಲೆ 25 ಕಿಲೋ ಅಕ್ಕಿ ಮೂಟೆ ಹೇರಿ, ನೆಲದಿಂದ ಹಲಗೆಯವರೆಗಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಇನ್ನೊಂದು ಸಂಜೆ, ಅದೇ ಹೊತ್ತಿಗೆ, ಗುರುತು ನೋಡಿ.